ಕೆಂಚನ ಪಥ್ಯ

ಕೊಡಿಗೇಹಳ್ಳಿಯ ಸೊಣ್ಣಮ್ಮ ಯಾರ ಬಾಯಿಗೂ ಹೆದರಿದವಳಲ್ಲ. ಮನೆ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿದವರು ಯಾರೇ ಆಗಲಿ, ಇಂದಿಗೂ ಜಾಡಿಸಿಬಿಡುತ್ತಾಳೆ. ಆದರೆ ಹಸಿದ ಜೀವ ಕಂಡರೆ ಕರಗಿ ನೀರಾಗುತ್ತಾಳೆ. ಎದುರಿಗೆ ಕೂತವರಿಗೆ ಕೊಡದೆ ಉಣ್ಣುವುದು ಅವಳ ಜಾಯಮಾನದಲ್ಲೇ ಇಲ್ಲ. ಆ ಒಳ್ಳೆಯ ಗುಣವೇ ಕೆಂಚನ ಪಾಲಿಗೆ ಯಮನಾಯಿತಲ್ಲ, ಶಿವನೇ!

ಕೆಂಚ ಅವಳ ನಾಯಿ. ತಿಂದದ್ದು ಮೈಗೆ ಹತ್ತದೆ, ವಾಂತಿ ಭೇದಿಯಲ್ಲಿ ಎಲುಬಿನ ಗೂಡಾಗಿದ್ದ. ಕರುಳಿನ ಹಳೇ ಉರಿಯೂತ ಎಂದು ಪತ್ತೆ ಹಚ್ಚಿದವರು ಹೆಬ್ಬಾಳದ ಪಶುವೈದ್ಯೆ ಸುಮೈರಾ.

"ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ ಅಜ್ಜಿ, ಹಿಡಿತದಲ್ಲಿ ಇಟ್ಕೋಬೇಕು. ಮಾತ್ರೆ, ನಾನ್ ಹೇಳಿದ ಊಟ, ಅಷ್ಟೆ. ಬೇರೇದು ಒಂದ್ ತುತ್ತೂ ಬೇಡ. ಪಥ್ಯ ಕೆಡದಿದ್ರೆ ಎಷ್ಟೋ ನಾಯಿಗಳು ವರ್ಷಗಟ್ಲೆ ಚೆನ್ನಾಗಿರ್ತಾವೆ."

ಪಥ್ಯ ನಡೆಯಿತು. ಕೆಂಚ ಮೈಕೈ ತುಂಬಿಕೊಂಡು, ಹಾಲಿನವನ ಬೈಕನ್ನು ಅಟ್ಟಿಸಿಕೊಂಡು ಹೋಗುವಷ್ಟು ಗಟ್ಟಿಯಾದ. ಅಷ್ಟರಲ್ಲಿ ಯುಗಾದಿ ಬಂತು, ಮಾರನೇ ದಿನ ಹೊಸತೊಡಕು. ಅಂದು ಏನಾಗುತ್ತದೋ ವರ್ಷವೆಲ್ಲ ಅದೇ ಎಂಬ ನಂಬಿಕೆ. ಮನೆತುಂಬ ಮಟನ್ ಸಾರಿನ ಘಮ. ಬಾಗಿಲಲ್ಲಿ ಕೂತ ಕೆಂಚ ಜೊಲ್ಲು ಸುರಿಸುತ್ತಿದ್ದ.

"ಇವತ್ತು ಇಲ್ಲ ಅಂದ್ರೆ ವರ್ಷೆಲ್ಲ ಇಲ್ಲ ಅಂದಂಗೆ. ಈಗ ಚೆನ್ನಾಗವ್ನಲ್ಲ, ತಿನ್ಲಿ ಬಿಡು," ಎಂದು ಸೊಣ್ಣಮ್ಮ ಕೊಬ್ಬಿನ ತುಂಡುಗಳನ್ನೇ ಆರಿಸಿ ಹಾಕಿದಳು.

ಭೇದಿ ಮತ್ತೆ ಶುರುವಾಯಿತು. "ಬೇರೇನಾದ್ರೂ ತಿನ್ನಿಸಿದ್ರಾ ಅಜ್ಜಿ?" ಎಂದು ಸುಮೈರಾ ಕೇಳಿದಾಗ, ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸೊಣ್ಣಮ್ಮನಿಗೆ ನಾಚಿಕೆಯಾಯಿತು.

"ಏನೂ ಆಕಿಲ್ಲ ಡಾಕ್ಟ್ರಮ್ಮ, ನೀವ್ ಹೇಳಿದ್ದೇ."

ಹಾಗಾದರೆ ಊಟವೇ ಒಗ್ಗುತ್ತಿಲ್ಲವೆಂದುಕೊಂಡು ಸುಮೈರಾ ಊಟ ಬದಲಿಸಿದರು, ಔಷಧಿಯನ್ನೂ ಬದಲಿಸಿದರು. ಹೊಸದು ಯಾವುದೂ ಹಿಡಿಸದೆ ಕೆಂಚ ದಿನೇ ದಿನೇ ಇಳಿದುಹೋದ, ಹೊಟ್ಟೆಯಲ್ಲಿ ನೀರು ತುಂಬಿತು. ಆಗ ಬಾಯಿಬಿಟ್ಟಳು ಸೊಣ್ಣಮ್ಮ. ಕೆಟ್ಟ ಮೇಲೆ ಬುದ್ಧಿ!

ಸುಮೈರಾ ಬೈಯಲಿಲ್ಲ. "ಅವತ್ತೇ ಹೇಳಿದ್ರೆ ಹಳೇ ಊಟನೇ ಮುಂದುವರಿಸ್ತಿದ್ದೆ ಅಜ್ಜಿ. ಈಗ ತುಂಬಾ ಕಷ್ಟ," ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಮನೆಗೆ ಬಂದು ಹಳೇ ಊಟವನ್ನೇ ಕಲಸಿದಳು. ಯಾರು ಕೊಟ್ಟರೂ ಮುಖ ತಿರುಗಿಸುತ್ತಿದ್ದ ಕೆಂಚ, ಅವಳು ಕೈ ಚಾಚಿದೊಡನೆ ಮೂಸಿಯೂ ನೋಡದೆ ತಿಂದ.

"ನನ್ನ ನಂಬಬ್ಯಾಡ ಕಣೋ," ಎಂದು ಸೊಣ್ಣಮ್ಮ ಗೊಳೋ ಎಂದು ಅತ್ತಳು.

ಕೆಂಚ ಇನ್ನೊಂದು ತುತ್ತಿಗೆ ಬಾಯಿ ತೆರೆದ.