ದೊರ್ಸಿಲಾ ಬಿತ್ತದೆ ಯಾರೂ ಬಿತ್ತುವಂತಿಲ್ಲ

ನನ್ನ ಸವತಿ ದೊರ್ಸಿಲಾ ಎಲ್ಲದರಲ್ಲೂ ಮೊದಲಿರಬೇಕು. ಚರ್ಚಿನಲ್ಲಿ ಮೊದಲ ಬೆಂಚು ಅವಳದು, ಸಾವಿನ ಮನೆಯಲ್ಲಿ ಮೊದಲ ಗೋಳೂ ಅವಳದೇ. ಸತ್ತವರು ಯಾರೆಂದು ಆಮೇಲೆ ಕೇಳಿಕೊಳ್ಳುತ್ತಾಳೆ. ಬಿತ್ತನೆಯಲ್ಲಂತೂ ನಮ್ಮ ಲುವೊ ಜನರ ಕಟ್ಟಳೆಯೇ ಅವಳ ಬೆನ್ನಿಗಿದೆ. ಯಾವ ಬೀಜವಾದರೂ ಹಿರಿಹೆಂಡತಿ ಮೊದಲು ಮಣ್ಣಿಗೆ ಹಾಕಬೇಕು, ಆಮೇಲೆ ಕಿರಿಯವಳಾದ ನಾನು. ತಪ್ಪಿದರೆ ಮನೆಗೆ ಕೇಡು.

ಕೇಡೋ, ಕಟ್ಟಳೆ ಪಾಲಿಸಿದರೂ ಬಂದಿತ್ತು. ಕಯೊಂಗೊ ಕಳೆ ನಮ್ಮಿಬ್ಬರ ಹೊಲವನ್ನೂ ಹಿಡಿದಿತ್ತು. ನೋಡಲು ಚೆಂದದ ನೇರಳೆ ಹೂವು. ಮಣ್ಣಿನೊಳಗೆ ಮೆಕ್ಕೆಜೋಳದ ಬೇರಿಗೇ ಬಾಯಿಹಾಕಿ ಹೀರುವ ಹಾಳು ಪಿಶಾಚಿ. ಜೋಳ ಮೊಣಕಾಲೆತ್ತರಕ್ಕೇ ನಿಂತಿತು. ನನ್ನ ಮಕ್ಕಳಿಗೆ ಉಗಾಲಿ ಮುದ್ದೆ ದಿನಕ್ಕೊಂದೇ ಹೊತ್ತಾಯಿತು.

ಸೆಮೆ ಊರಿನ ನನ್ನ ತವರಿಗೆ ಹೋದಾಗ ಅಣ್ಣ ಒಂದು ಹಿಡಿ ಡೆಸ್ಮೋಡಿಯಂ ಬಳ್ಳಿಯ ಬೀಜ ಕೊಟ್ಟ. ಜೋಳದ ಸಾಲುಗಳ ನಡುವೆ ಹಾಕಿದರೆ ಕಯೊಂಗೊ ಅಡಗುತ್ತದೆ, ಮಣ್ಣಿಗೆ ಸತ್ವ ಬರುತ್ತದೆ, ಹಸುವಿಗೂ ಮೇವು ಎಂದ. ಮರಳಿದವಳೇ ದೊರ್ಸಿಲಾ ಬಳಿಗೆ ಹೋದೆ.

"ಅಕ್ಕಾ, ಇದನ್ನ ಒಂದು ಚಿಟಿಕೆ ಬಿತ್ತಿಬಿಡು, ಆಮೇಲೆ ನಾನು ಬಿತ್ಕೋತೀನಿ."

"ಏ ಸೆಮೆಯವಳೇ, ಹುಲ್ಲು ಕಿತ್ತು ಕಿತ್ತು ನನ್ನ ಸೊಂಟ ಬಿದ್ದೋಗಿದೆ. ನೀನು ತವರಿಂದ ಹುಲ್ಲು ತಂದು ಬಿತ್ತು ಅಂತೀಯಲ್ಲ, ತಲೆ ನೆಟ್ಟಗಿದೆಯಾ?"

ಗಂಡ ಒವಿತಿಯ ಮುಖ ನೋಡಿದೆ. "ಹಸು ಕೂಗಿದ ಹಾಗಾಯ್ತು" ಎಂದು ಎದ್ದುಹೋದ. ಹಸು ಅವನ ಕಾಲಬುಡದಲ್ಲೇ ಮಲಗಿತ್ತು.

ಮಳೆ ಶುರುವಾಗಿತ್ತು. ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಹಿರಿಹೆಂಡತಿ ಟರ್ಫೋಸಾ ಎಂದರೆ ದೊರ್ಸಿಲಾಗೆ ಮೊದಲಿಂದಲೂ ಆಗದು. ನೀರು ತರುವಾಗ, ದೊರ್ಸಿಲಾಗೆ ಕೇಳುವಂತೆ ಗಟ್ಟಿಯಾಗಿ ಒಂದು ಸುಳ್ಳು ಬಿಟ್ಟೆ: "ಈ ಹೊಸ ಬೀಜ ನಾಳೆ ಟರ್ಫೋಸಾ ಬಿತ್ತುತಾಳಂತೆ. ಊರಲ್ಲೇ ಅವಳೇ ಮೊದಲಂತೆ!"

ಬೆಳಿಗ್ಗೆ ಎದ್ದರೆ ಬೀಜದ ಗಂಟೇ ಇಲ್ಲ. ಓಡಿದೆ. ದೊರ್ಸಿಲಾ ತನ್ನ ಹೊಲದಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ಬಿತ್ತಾಯ್ತು! ಹೋಗಿ ಹೇಳು ಆ ಟರ್ಫೋಸಾಗೆ."

"ನನ್ನ ಪಾಲು, ಅಕ್ಕಾ?"

"ಪಾಲಾ? ರಾಗಿ ಥರ ಎರಚಿದೆ, ಖಾಲಿ."

ಅಯ್ಯೋ, ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ! ಬದುವಿನ ಮೇಲೆ ಕುಸಿದು ಅತ್ತುಬಿಟ್ಟೆ.

ಮುಂದಿನ ಮಳೆಯ ಬೆಳೆಗೆ ದೊರ್ಸಿಲಾಳ ಜೋಳ ಸೂರಿನೆತ್ತರ ಬೆಳೆಯಿತು. ಊರವರನ್ನೆಲ್ಲ ಕರೆದು ಅದರೊಳಗೆ ಮೆರವಣಿಗೆ ಮಾಡಿಸಿದಳು. ನನ್ನ ಹೊಲದ ತುಂಬ ನೇರಳೆ ಹೂವು. ಕೊಯ್ಲಿಗೆ ಸಿಕ್ಕಿದ್ದು ಒಂದೇ ಬುಟ್ಟಿ. ಹೊಟ್ಟೆಕಿಚ್ಚಿಗೆ ಬಾಗಿಲು ಹಾಕಿಕೊಂಡು ಕೂತೆ.

ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ದೊರ್ಸಿಲಾ, ತಲೆಯ ಮೇಲೆ ಜೋಳದ ಮೂಟೆ.

"ಟರ್ಫೋಸಾಗೆ ಆ ಬೀಜದ ಹೆಸರೂ ಗೊತ್ತಿರ್ಲಿಲ್ಲ ಕಣೇ, ಸುಳ್ಳಿ" ಎನ್ನುತ್ತ ಮೂಟೆ ಇಳಿಸಿದಳು. "ಇದನ್ನ ಬೀಸು. ಮೊದಲು ಬಿತ್ತೋಳು ನಾನು. ನನ್ನ ಹಿಂದೆ ನಿನ್ನ ಒಲೆ ಉರೀದೇ ಇದ್ರೆ ಜನ ಯಾರ ಮುಖಕ್ಕೆ ಉಗೀತಾರೆ?"

ಮೂಟೆಯ ಮೇಲೊಂದು ಹಸಿರು ಹೊರೆಯಿತ್ತು: ಡೆಸ್ಮೋಡಿಯಂ ಬಳ್ಳಿಯ ತುಂಡುಗಳು.

"ತುಂಡು ನೆಟ್ರೂ ಹತ್ತುತ್ತೆ. ಟರ್ಫೋಸಾ ಬೇಡ್ಕೊಂಡ್ರೂ ಒಂದು ಕಡ್ಡಿ ಕೊಟ್ಟಿಲ್ಲ. ನನ್ನ ಹೊಲದಲ್ಲಿ ಈಗ ತಾನೇ ಒಂದು ತುಂಡು ನೆಟ್ಟು ಬಂದೆ, ಕಟ್ಟಳೆ ಮುಗೀತು. ಇನ್ನೇನು ನೋಡ್ತೀಯ? ಗುದ್ದಲಿ ತಗೋ."