ಅಪ್ಪನ ಎಕ್ಸ್‌-ರೇ, ನನ್ನ ಎಕ್ಸ್‌-ರೇ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ಖಗೋಳ ವಿಜ್ಞಾನದ ಸಂಶೋಧನೆಗೆ ಸೇರಿದ್ದೆ. ಅಪ್ಪ ಕಡೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುತ್ತಿದ್ದರು. ಅಜ್ಜಂಪುರದ ಕಡೆಯಿಂದಲೂ ಕೈಕಾಲು ಮುರಿದುಕೊಂಡವರು ಅವರಲ್ಲಿಗೇ ಬರುತ್ತಿದ್ದರು. ಮಗಳ ಕೆಲಸವೂ ಎಕ್ಸ್‌-ರೇಗೆ ಸೇರಿದ್ದು ಎಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ.

ರಜೆಗೆ ಬಂದಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದೆ. ಅಪ್ಪ ಪಕ್ಕಕ್ಕೆ ಬಂದರು.

"ಏನಮ್ಮಾ ಇದು, ಸಾಸಿವೆ ಚೆಲ್ದಂಗೈತೆ?"

"ಒಂದೊಂದು ಚುಕ್ಕೆನೂ ಒಂದೊಂದು ಗೆಲಾಕ್ಸಿ ಕಣಪ್ಪ. ನಡುವೆ ಕಪ್ಪುರಂಧ್ರ. ಅದರ ಸುತ್ತ ಕಾದ ಅನಿಲ ತಟ್ಟೆ ಥರ ತಿರುಗುತ್ತೆ, ಅದರಿಂದ ನೇರಳಾತೀತ ಬೆಳಕು ಬರುತ್ತೆ. ಹತ್ತಿರದಲ್ಲೇ ಇನ್ನೂ ಬಿಸಿಯಾದ ಅನಿಲ ಇದೆ ಅಂತಾರೆ. ಈ ಬೆಳಕು ಅದರೊಳಗೆ ಹೊಕ್ಕು ಎಕ್ಸ್‌-ರೇ ಆಗಿ ಹೊರಗೆ ಬರುತ್ತೆ."

"ಹಂಗಾದ್ರೆ ಅದು ಜಾಸ್ತಿ ಆದಂಗೆ ಇದೂ ಅಷ್ಟೇ ಜಾಸ್ತಿ ಆಗ್ಬೇಕಲ್ಲ?"

"ಜಾಸ್ತಿ ಆಗುತ್ತೆ, ಆದ್ರೆ ಅಷ್ಟಾಗಲ್ಲ. ನೇರಳಾತೀತ ಹತ್ತು ಪಟ್ಟಾದ್ರೆ ಎಕ್ಸ್‌-ರೇ ನಾಲ್ಕೈದು ಪಟ್ಟು, ಅಷ್ಟೇ."

ಚುಕ್ಕೆಗಳ ನಡುವೆ ನಾನೆಳೆದ ಗೆರೆಯಿಂದ ಬಹಳ ಕೆಳಗೆ ಬಿದ್ದಿದ್ದ ಒಂದು ಚುಕ್ಕೆಯ ಮೇಲೆ ಅಪ್ಪ ಬೆರಳಿಟ್ಟರು. "ಇದ್ಯಾಕೆ ಹಿಂಗೆ ಒಂಟಿಯಾಗಿ ಕೂತೈತೆ?"

"ಅದರಲ್ಲಿ ಎಕ್ಸ್‌-ರೇ ಇರಬೇಕಾದಷ್ಟು ಇಲ್ಲ. ಮಧ್ಯೆ ಏನೋ ಅಡ್ಡ ನಿಂತು ಹೀರ್ಕೊಳ್ತಿರಬಹುದು..."

ಹೇಳುತ್ತಲೇ ಆ ಬೆರಳು ನೋಡಿದೆ. ಚರ್ಮ ಒಣಗಿದ ತೊಗಲಿನ ಹಾಗೆ ಕಪ್ಪಗೆ ಬಿರಿದಿತ್ತು. ಉಗುರಿನ ಬುಡದಲ್ಲಿ ಹುಣ್ಣು. ಪಕ್ಕದ ಬೆರಳೂ ಹಾಗೇ ಆಗುತ್ತಿತ್ತು.

"ಯಾವಾಗಿಂದಪ್ಪ?"

"ದೀಪಾವಳಿಯಿಂದ. ವಾಸಿನೇ ಆಗ್ತಿಲ್ಲ. ನೋವೇನಿಲ್ಲ ಬಿಡು."

ಮಕ್ಕಳು ಅಲುಗಾಡದಂತೆ ಅವರೇ ಕೈಯಲ್ಲಿ ಹಿಡಿದುಕೊಂಡು ಎಕ್ಸ್‌-ರೇ ತೆಗೆಯುತ್ತಿದ್ದರಂತೆ. ಎಕ್ಸ್‌-ರೇ ತಡೆಯುವ ಸೀಸದ ಕೈಗವಸು ಹರಿದು ಎಷ್ಟೋ ವರ್ಷವಾಗಿತ್ತು. ಹೊಸದು ಬೇಕೆಂದು ಅವರು ಕೇಳಿರಲೂ ಇಲ್ಲ.

ಮರುದಿನವೇ ಶಿವಮೊಗ್ಗಕ್ಕೆ ಹೊರಟೆವು. ರೈಲು ತರೀಕೆರೆ ದಾಟಿತು. ಅಪ್ಪ, "ನಿಮ್ಮಮ್ಮಂಗೆ ಬರೀ ಹುಣ್ಣು ಅಂತ ಹೇಳು" ಎಂದರು. ಅದು ಬರೀ ಹುಣ್ಣಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಎರಡು ಬೆರಳು ತೆಗೆದರು.

ಗಾಯ ಮಾಯುವ ಮೊದಲೇ ಅಪ್ಪ ಆಸ್ಪತ್ರೆಗೆ ಹೋಗಿ, ತಮ್ಮ ಜಾಗಕ್ಕೆ ಬಂದವನ ಮುಂದೆ ಬ್ಯಾಂಡೇಜಿನ ಕೈ ಹಿಡಿದು ನಿಂತರು. "ಮಗೀನ ಕೈಯಾಗೆ ಹಿಡ್ಕೋಬ್ಯಾಡ ಕಣಪ್ಪ. ಪಟ್ಟಿ ಕಟ್ಟು. ನೀನು ಗೋಡೆ ಹಿಂದಕ್ಕೆ ಹೋಗು." ಅವನು ತಲೆಯಾಡಿಸಿದ.

ಬೆರಳು ತೆಗೆದ ಮೂರನೆಯ ವರ್ಷ ಅಪ್ಪನ ಕಂಕುಳಲ್ಲಿ ಗಂಟು ಕಾಣಿಸಿತು; ಕ್ಯಾನ್ಸರ್ ಅಲ್ಲಿಗೂ ಹರಡಿತ್ತು. ನನ್ನ ಪ್ರಬಂಧ ಮುಗಿಯುವ ಹೊತ್ತಿಗೆ ಅವರು ಇರಲಿಲ್ಲ.