ಹತ್ತು ನಿಮಿಷದ ಜಗಳ

ಕುಶಾಲನಗರದಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಕಾವ್ಯಶ್ರೀಯದು ಒಂದೇ ಕೋಣೆಯ ಅಂಗಡಿ. ಮೊದಲು ಜೇನು, ಏಲಕ್ಕಿ ಮಾರುತ್ತಿದ್ದಳು. ಅಕ್ಕಪಕ್ಕ ಅದೇ ಮಾಲಿನ ಅಂಗಡಿಗಳು ಸಾಲಾಗಿ ಎದ್ದ ಮೇಲೆ, ಪ್ರವಾಸಿಗರಿಗೆ ಹೊಸದೇನಾದರೂ ಬೇಕೆಂದು ವಿಆರ್ ಕನ್ನಡಕ ತಂದಳು. ಅದನ್ನು ಕಣ್ಣಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತರೆ ಸಾಕು, ರಬ್ಬರ್ ದೋಣಿ ಹತ್ತಿ ತುಂಬಿದ ಹೊಳೆಯಲ್ಲಿ ಸೇತುವೆಯೊಂದರಿಂದ ಜಲಪಾತದ ತನಕ ಹೋದ ಹಾಗಾಗುತ್ತದೆ. ಹೊರಗೆ 'ಹತ್ತು ನಿಮಿಷ' ಎಂದು ಬೋರ್ಡು ಹಾಕಿದ್ದೇ ತಪ್ಪಾಯಿತು.

ಕನ್ನಡಕ ತೆಗೆದವರೆಲ್ಲ ಕೇಳುವುದು ಒಂದೇ ಮಾತು, ಇಷ್ಟು ಬೇಗ ಯಾಕೆ ನಿಲ್ಲಿಸಿದಿರಿ ಎಂದು. ಐದು ನಿಮಿಷವೂ ಆಗಿಲ್ಲ ಎಂದು ಕೆಲವರು ಆಣೆ ಹಾಕುತ್ತಿದ್ದರು. ಗೋಡೆಗೆ ದೊಡ್ಡ ಗಡಿಯಾರ ತಂದು ಹಾಕಿದಳು. ಅದನ್ನೇ ಮುಂದಕ್ಕೆ ತಿರುಗಿಸಿದ್ದೀರಿ ಎಂದರು. ಮೋಸಗಾತಿ ಅನ್ನಿಸಿಕೊಂಡು ಅಂಗಡಿ ನಡೆಸುವುದು ಹೇಗೆ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಮೈಸೂರಿನಿಂದ ಬಂದವನೊಬ್ಬ ಕನ್ನಡಕ ತೆಗೆದವನೇ ನಾಲ್ಕೇ ನಿಮಿಷ ಆಗಿದ್ದೆಂದು ಜಗಳಕ್ಕೇ ನಿಂತ. ಜನ ಸೇರಿದರು. ಅಷ್ಟರಲ್ಲಿ ಶುಂಠಿ ಹೊಲದಿಂದ ಮಾವ ಜವರಯ್ಯ ಬಂದರು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ಸುಳ್ಳೆಂದರೆ ಮಾರು ದೂರ ನಿಲ್ಲುವ ಮನುಷ್ಯ. ಕಾವ್ಯಶ್ರೀಗೆ ಧೈರ್ಯ ಬಂತು.

"ಮಾವ, ಇವರೆಲ್ಲರ ಎದುರಿಗೆ ನೀವೇ ಒಂದು ಸಲ ಹಾಕ್ಕೊಳ್ಳಿ" ಎಂದು ಕೂರಿಸಿದಳು. ನಿಮ್ಮ ಫೋನಿನಲ್ಲೇ ಹತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ ಎಂದು ಮೈಸೂರಿನವನಿಗೆ ಹೇಳಿದಳು.

ಜವರಯ್ಯ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಅತ್ತಿತ್ತ ವಾಲತೊಡಗಿದರು. ನಿಂತವರಿಗೆ ಮೊದಮೊದಲು ನಗು, ಆಮೇಲೆ ಬೇಸರ. ಒಬ್ಬ ಆಕಳಿಸಿದ. ಇನ್ನೂ ಮುಗಿಯಲಿಲ್ಲವೇ ಎಂದು ಒಬ್ಬಾಕೆ ಕೇಳುತ್ತಲೇ ಇದ್ದಳು. ಕೊನೆಗೆ ಫೋನು ಬಡಿದುಕೊಂಡಿತು. ಕಾವ್ಯಶ್ರೀ ಕನ್ನಡಕ ತೆಗೆದಳು.

"ಈಗಿನ್ನೂ ದೋಣಿ ಹತ್ತಿದ್ದೆ ಕಣವ್ವ" ಎಂದರು ಜವರಯ್ಯ, ಹುಬ್ಬು ಗಂಟಿಕ್ಕಿ. "ಅಷ್ಟರಲ್ಲೇ ಯಾಕೆ ಇಳಿಸ್ದೆ?"

ಜನ ಗೊಳ್ಳೆಂದು ನಕ್ಕರು. ಮೈಸೂರಿನವನು ಮಾತ್ರ ನಗಲಿಲ್ಲ. ಫೋನು ನೋಡಿದ, ಅವಳನ್ನು ನೋಡಿದ.

"ಹತ್ತು ನಿಮಿಷ ಆಗಿದೆ, ಒಪ್ಪಿದೆ. ಆದ್ರೆ ನನಗೆ ಸಿಕ್ಕಿದ್ದು ನಾಲ್ಕೇ ಅಲ್ವಾ ಮೇಡಂ?"

ಕಾವ್ಯಶ್ರೀಗೆ ಗೆದ್ದೂ ಸೋತ ಹಾಗಾಯಿತು. ಇಷ್ಟು ದಿನ ಬಂದವರು ಯಾರೂ ಸುಳ್ಳು ಹೇಳಿರಲಿಲ್ಲ, ತಾನೂ ಮೋಸ ಮಾಡಿರಲಿಲ್ಲ. ಹಾಗಾದರೆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಮಾರನೆಯ ದಿನ ಬೋರ್ಡಿನ ಮೇಲಿದ್ದ ನಿಮಿಷವನ್ನು ಅಳಿಸಿ, 'ಸೇತುವೆಯಿಂದ ಜಲಪಾತದವರೆಗೆ, ಒಂದು ಸವಾರಿ' ಎಂದು ಬರೆಸಿದಳು. ನಿಮಿಷದ ಜಗಳ ನಿಂತಿತು. ಈಗ ಹೊಳೆಯೇ ಗಿಡ್ಡವಾಯಿತೆಂದು ಜನ ತಕರಾರು ಮಾಡುತ್ತಾರೆ. ಹೊಳೆ ಉದ್ದ ಮಾಡುವುದು ತನ್ನ ಕೈಯಲ್ಲಿಲ್ಲ ಎಂದು ಹೇಳಿ ಹೇಳಿ ಅವಳ ಗಂಟಲು ಒಣಗುತ್ತದೆ. ಕೂತವರಿಗೆ ಹೊತ್ತು ಹಾರಿಹೋಗುತ್ತದೆ. ಅವರು ಬೀಳದಂತೆ ಭುಜ ಹಿಡಿದು ನಿಂತಿರುವ ಅವಳಿಗೆ ಬೆಳಗು ಸಂಜೆಯಾಗುವುದೇ ಇಲ್ಲ.

ಜವರಯ್ಯ ಹೊಲದಿಂದ ಬಂದು ದಿನವೂ ಸಾಲಿನಲ್ಲಿ ನಿಲ್ಲುತ್ತಾರೆ. ಇಳಿಸಿದಾಗಲೆಲ್ಲ ಸೊಸೆಯ ಮೇಲೆ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಾರೆ.